ಅನಿಮೆಯ ಗುಣಮಟ್ಟದ ಚರ್ಚೆ: ಕಲಿಯುವವರಿಗಾಗಿ ಕೆಲವು ಟಿಪ್ಪಣಿಗಳು

ಜಪಾನಿನ ಅನಿಮೇಷನ್, ಅಂದರೆ ಅನಿಮೆ, ಉದ್ಯಮದ ಬಗ್ಗೆ ಈಗ ನಡೆಯುತ್ತಿರುವ ವಾದದಲ್ಲಿ ಎರಡು ಅಭಿಪ್ರಾಯಗಳು ಒಟ್ಟಿಗೇ ಕೇಳಿಬರುತ್ತವೆ. ಹಿಂದೆಂದೂ ಕಾಣದಷ್ಟು ಸೊಗಸಾದ ದೃಶ್ಯಗಳು ಈಗ ದೂರದರ್ಶನದ ಸರಣಿಗಳಲ್ಲೇ ಬರುತ್ತಿವೆ ಎಂದು ಕೆಲವರು ಹೇಳಿದರೆ, ಗುಣಮಟ್ಟ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ ಎಂದು ಮತ್ತೆ ಕೆಲವರು ಹೇಳುತ್ತಾರೆ. ಈ ವಿಷಯವನ್ನು ಓದುತ್ತ ಹೋದಂತೆ, ಎರಡೂ ಮಾತು ನಿಜವೆಂದೂ ಅವು ಉದ್ಯಮದ ಬೇರೆ ಬೇರೆ ಸ್ತರಗಳನ್ನು ಕುರಿತವೆಂದೂ ನನಗೆ ಮನವರಿಕೆಯಾಗಿದೆ. ಶಿಖರ ಎತ್ತರವಾಗಿದೆ, ಬುನಾದಿ ಸವೆಯುತ್ತಿದೆ. ಬುನಾದಿ ಎಂದರೆ ಹೊಸಬರು ಕೈ ಪಳಗಿಸಿಕೊಳ್ಳುವ ಕೆಲಸದ ಮೇಜು. ಈ ಟಿಪ್ಪಣಿಗಳು ಮುಖ್ಯವಾಗಿ ಅದನ್ನು ಕುರಿತವು.

ಮೊದಲಿಗೆ ಒಂದು ಎಚ್ಚರಿಕೆ. ಹಳೆಯ ಅನಿಮೆಯೇ ಚೆನ್ನಾಗಿತ್ತು ಎನ್ನುವವರು ಸಾಮಾನ್ಯವಾಗಿ 1988ರ ‘ಅಕಿರಾ’ದಂತಹ ಚಲನಚಿತ್ರವನ್ನು ಇಂದಿನ ವಾರದ ಸರಣಿಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಕೈಯಲ್ಲಿ ಬರೆದು ಮಾಡಿದ ಚಲನಚಿತ್ರಕ್ಕೂ ವಾರಕ್ಕೊಂದು ಕಂತು ಕೊಡಬೇಕಾದ ಸರಣಿಗೂ ಹೋಲಿಕೆ ಸಲ್ಲದು. 1982ರ ‘ಮ್ಯಾಕ್ರಾಸ್’ ಸರಣಿಯನ್ನು ಪೂರ್ತಿ ನೋಡಿದವರಿಗೆ ಇದು ತಿಳಿದೇ ಇರುತ್ತದೆ. ಅದರ ಕೆಲವು ಕಂತುಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ, ಹೊರಗುತ್ತಿಗೆಗೆ ಕೊಟ್ಟ ಕಂತುಗಳಲ್ಲಿ ಪಾತ್ರಗಳ ಮುಖ ಒಂದು ದೃಶ್ಯದಿಂದ ಇನ್ನೊಂದಕ್ಕೆ ಬದಲಾಗಿಬಿಡುತ್ತದೆ. ಕಳಪೆ ಕಂತುಗಳು ಮರೆತುಹೋಗಿ ಒಳ್ಳೆಯವು ಮಾತ್ರ ನೆನಪಿನಲ್ಲಿ ಉಳಿದಿರುವುದರಿಂದ ಗತಕಾಲ ಇದ್ದುದಕ್ಕಿಂತ ಚೆಂದವಾಗಿ ಕಾಣುತ್ತದೆ.

ಒಂದು ಕಂತು ತಯಾರಾಗುವ ಬಗೆ

ಸುಮಾರು ಇಪ್ಪತ್ತೆರಡು ನಿಮಿಷದ ಒಂದು ಕಂತಿನಲ್ಲಿ ಸಾಮಾನ್ಯವಾಗಿ 300ರ ಆಸುಪಾಸಿನಲ್ಲಿ ಶಾಟ್‌ಗಳಿರುತ್ತವೆ. ಅವನ್ನು ಅಲ್ಲಿಯವರು ಕಟ್ ಎನ್ನುತ್ತಾರೆ. ನಿರ್ದೇಶಕ ಅಥವಾ ಕಂತಿನ ನಿರ್ದೇಶಕ ‘ಎಕೊಂಟೆ’ ಎಂಬ ಸ್ಟೋರಿಬೋರ್ಡ್ ಬರೆಯುತ್ತಾನೆ. ಅದರ ಆಧಾರದ ಮೇಲೆ ಕೀ ಅನಿಮೇಟರ್ ಪ್ರತಿ ಕಟ್‌ನ ಲೇಔಟ್ ಸಿದ್ಧಪಡಿಸಿ, ಚಲನೆಯ ಮುಖ್ಯ ಹಂತಗಳನ್ನು ತೋರಿಸುವ ‘ಗೆಂಗಾ’ ಚಿತ್ರಗಳನ್ನು ಬರೆಯುತ್ತಾನೆ. ಬೇರೆ ಬೇರೆ ಕೈಗಳಿಂದ ಬಂದ ಈ ಚಿತ್ರಗಳನ್ನು ಅನಿಮೇಷನ್ ನಿರ್ದೇಶಕ ತಿದ್ದಿ ಪಾತ್ರಗಳಿಗೆ ಏಕರೂಪ ತರುತ್ತಾನೆ. ಆಮೇಲೆ ಇನ್‌ಬಿಟ್ವೀನರ್ ಆ ಗೆರೆಗಳನ್ನು ಶುದ್ಧವಾಗಿ ಮತ್ತೆ ಎಳೆದು, ಒಂದು ಮುಖ್ಯ ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಬರಬೇಕಾದ ‘ದೋಗಾ’ ಚಿತ್ರಗಳನ್ನು ಬರೆಯುತ್ತಾನೆ. ಬಣ್ಣ ತುಂಬುವುದು, ಹಿನ್ನೆಲೆ ಚಿತ್ರ, ಎಲ್ಲವನ್ನೂ ಒಂದುಗೂಡಿಸುವ ಛಾಯಾಗ್ರಹಣ, ಸಂಕಲನ, ಧ್ವನಿ ಆಮೇಲಿನ ಹಂತಗಳು. ಇವರೆಲ್ಲರ ನಡುವೆ ಓಡಾಡಿ ಚಿತ್ರಗಳನ್ನು ಸಂಗ್ರಹಿಸಿ ಗಡುವಿಗೆ ಮುಟ್ಟಿಸುವವನು ಪ್ರೊಡಕ್ಷನ್ ಅಸಿಸ್ಟೆಂಟ್. ಆ ಕೆಲಸದ ದಣಿವನ್ನು ತಿಳಿಯಬಯಸುವವರು ಪಿ.ಎ. ವರ್ಕ್ಸ್ ಸ್ಟುಡಿಯೊ 2014ರಲ್ಲಿ ಆರಂಭಿಸಿದ ‘ಶಿರೊಬಾಕೊ’ ಸರಣಿಯನ್ನು ನೋಡಬಹುದು. ಅನಿಮೆ ತಯಾರಿಕೆಯೇ ಅದರ ಕಥಾವಸ್ತು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳಿರುತ್ತವೆ. ಪ್ರತಿ ಚಿತ್ರವನ್ನೂ ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿದರೆ ಸೆಕೆಂಡಿಗೆ ಎಂಟು ಚಿತ್ರ ಸಾಕು. 1963ರ ಜನವರಿ 1ರಂದು ಚಿತ್ರಕಥೆಗಾರ ಒಸಾಮು ತೆಜುಕಾ ಅವರ ಸ್ಟುಡಿಯೊ ಮುಶಿ ಪ್ರೊಡಕ್ಷನ್ ‘ತೆತ್ಸುವಾನ್ ಆಟಮು’ (ಆಸ್ಟ್ರೊ ಬಾಯ್) ಸರಣಿಯನ್ನು ಆರಂಭಿಸಿದಾಗ, ವಾರಕ್ಕೊಂದು ಅರ್ಧಗಂಟೆಯ ಕಂತು ಕೊಡಲು ಇಂತಹ ಮಿತವ್ಯಯದ ವಿಧಾನಗಳನ್ನೇ ನೆಚ್ಚಿಕೊಂಡಿತು. ಬರೆದ ಚಿತ್ರಗಳನ್ನು ಸಂಗ್ರಹಿಸಿಟ್ಟು ಮತ್ತೆ ಮತ್ತೆ ಬಳಸಿತು; ತುಟಿ ಅಥವಾ ಕಣ್ಣನ್ನಷ್ಟೇ ಚಲಿಸುವಂತೆ ಮಾಡಿತು. ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಕಂತನ್ನು ಮಾರಿ, ನಷ್ಟವನ್ನು ಆಟಿಕೆ ಮತ್ತು ಮಿಠಾಯಿ ಕಂಪನಿಗಳಿಂದ ಬರುವ ಪಾತ್ರದ ಹಕ್ಕಿನ ಹಣದಿಂದ ತುಂಬಿಕೊಳ್ಳುವ ಪದ್ಧತಿಯೂ ಅಲ್ಲಿಂದಲೇ ಬೇರೂರಿತು. ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು. ಅನಿಮೆಯ ಎಲ್ಲ ಕಷ್ಟಕ್ಕೂ ತೆಜುಕಾ ಒಬ್ಬರನ್ನೇ ಹೊಣೆ ಮಾಡುವ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಪದ್ಧತಿಯನ್ನು ಆಮೇಲಿನ ಅರವತ್ತು ವರ್ಷ ಮುಂದುವರಿಸಿದವರು ಬೇರೆಯವರು. ಆದರೆ ಚಿತ್ರಕ್ಕೆ ಕಡಿಮೆ ಬೆಲೆ, ಪಾತ್ರಕ್ಕೆ ಹೆಚ್ಚು ಬೆಲೆ ಎಂಬ ಲೆಕ್ಕಾಚಾರ ಎಲ್ಲಿಂದ ಬಂತು ಎಂಬುದು ಕಲಿಯುವವರಿಗೆ ತಿಳಿದಿರಬೇಕು.

ಹಣ ಮತ್ತು ಹಕ್ಕು

ಇಂದಿನ ಬಹುಪಾಲು ಸರಣಿಗಳಿಗೆ ಹಣ ಹಾಕುವುದು ‘ನಿರ್ಮಾಣ ಸಮಿತಿ’. ಪ್ರಕಾಶಕರು, ದೂರದರ್ಶನ ವಾಹಿನಿ, ಜಾಹೀರಾತು ಸಂಸ್ಥೆ, ಸಂಗೀತ ಕಂಪನಿ, ಆಟಿಕೆ ತಯಾರಕರು ಪಾಲುದಾರರಾಗಿ ಹಣ ಕೂಡಿಸುತ್ತಾರೆ, ನಷ್ಟವಾದರೆ ಹಂಚಿಕೊಳ್ಳುತ್ತಾರೆ. 1995ರ ‘ಇವಾಂಜೆಲಿಯನ್’ ಸರಣಿಯ ಯಶಸ್ಸಿನ ನಂತರ ಈ ವ್ಯವಸ್ಥೆ ವ್ಯಾಪಕವಾಯಿತು. ಅಪಾಯವನ್ನು ಹಂಚಿಕೊಳ್ಳುವ ಇಂತಹ ಏರ್ಪಾಡು ಇಲ್ಲದಿದ್ದರೆ ತಡರಾತ್ರಿ ಪ್ರಸಾರವಾಗುವ ಎಷ್ಟೋ ವಿಲಕ್ಷಣ ಸರಣಿಗಳು ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನು ಒಪ್ಪಬೇಕು. ತೊಂದರೆಯೆಂದರೆ, ಸಮಿತಿಯಲ್ಲಿ ಪಾಲು ಇಲ್ಲದ ಸ್ಟುಡಿಯೊಗೆ ಸಿಗುವುದು ಒಪ್ಪಂದದಲ್ಲಿ ಗೊತ್ತುಪಡಿಸಿದ ತಯಾರಿಕಾ ಶುಲ್ಕ ಮಾತ್ರ. ಸರಣಿ ಜಗತ್ತನ್ನೇ ಗೆದ್ದರೂ ಗೊಂಬೆ, ಹಾಡು, ಪುಸ್ತಕ ಮತ್ತು ವಿದೇಶಿ ಪ್ರಸಾರದ ಲಾಭ ಹಕ್ಕುದಾರರಿಗೆ ಹೋಗುತ್ತದೆ.

ಜಪಾನ್ ಅನಿಮೇಷನ್ ಸಂಘದ ವರದಿಯ ಪ್ರಕಾರ 2023ರಲ್ಲಿ ಅನಿಮೆ ಮಾರುಕಟ್ಟೆಯ ಒಟ್ಟು ಗಾತ್ರ ಸುಮಾರು 3.34 ಲಕ್ಷ ಕೋಟಿ ಯೆನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 1.72 ಲಕ್ಷ ಕೋಟಿ ಯೆನ್, ವಿದೇಶಗಳಿಂದ ಬಂದದ್ದು. 2020ರಲ್ಲಿ ಬಿಡುಗಡೆಯಾದ ‘ಡೀಮನ್ ಸ್ಲೇಯರ್’ ಚಲನಚಿತ್ರವೊಂದೇ ಜಪಾನಿನ ಚಿತ್ರಮಂದಿರಗಳಲ್ಲಿ 4,000 ಕೋಟಿ ಯೆನ್ ದಾಟಿತು. ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು: ಅನಿಮೇಟರ್‌ಗಳ ಸಂಘವಾದ ಜಾನಿಕಾ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇನ್‌ಬಿಟ್ವೀನರ್‌ಗಳ ಸರಾಸರಿ ವಾರ್ಷಿಕ ಆದಾಯ ಸುಮಾರು 11 ಲಕ್ಷ ಯೆನ್ ಮಾತ್ರ. ಟೋಕಿಯೊದಂತಹ ನಗರದಲ್ಲಿ ಅದರಿಂದ ಬಾಡಿಗೆ ಕೊಟ್ಟು ಊಟ ಮಾಡುವುದು ಅಸಾಧ್ಯ. ಮೊದಲಿನ ವರ್ಷಗಳಲ್ಲಿ ತಂದೆ ತಾಯಿಯ ನೆರವಿಲ್ಲದವರು ಈ ವೃತ್ತಿಯಲ್ಲಿ ಉಳಿಯುವುದೇ ಕಷ್ಟವೆಂದರೆ, ಪ್ರತಿಭೆಯ ಆಯ್ಕೆ ಚಿತ್ರ ಬರೆಯುವ ಮೊದಲೇ ಆಗಿಹೋಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ ಸಂಗತಿ.

ಕಲಿಕೆಯ ಮೆಟ್ಟಿಲು

ಇನ್‌ಬಿಟ್ವೀನಿಂಗ್ ಕೆಳಮಟ್ಟದ ಯಾಂತ್ರಿಕ ಕೆಲಸ ಎಂದು ಹೊರಗಿನವರು ಭಾವಿಸುವುದುಂಟು. ವಾಸ್ತವದಲ್ಲಿ ಅದು ಈ ಕಲೆಯ ಅಕ್ಷರಾಭ್ಯಾಸ. ತಿರುಗುವ ತಲೆಯ ಎರಡು ಚಿತ್ರಗಳ ನಡುವೆ ಮೂರನೆಯದನ್ನು ಬರೆಯುವವನಿಗೆ ತಲೆಬುರುಡೆಯ ಘನಾಕಾರ, ಕೂದಲು ತಡವಾಗಿ ಹಿಂಬಾಲಿಸುವ ರೀತಿ, ಚಲನೆ ಆರಂಭದಲ್ಲೂ ಅಂತ್ಯದಲ್ಲೂ ನಿಧಾನಗೊಳ್ಳುವ ಬಗೆ ಎಲ್ಲವೂ ಗೊತ್ತಿರಬೇಕು. ಎರಡು ಗೆರೆಗಳ ಸರಿಯಾದ ಮಧ್ಯಬಿಂದುಗಳನ್ನು ಸೇರಿಸಿದರೆ ಚಲನೆ ಹುಟ್ಟುವುದಿಲ್ಲ. ತೋಳು ಬೀಸುವಾಗ ಕೈ ಸಾಗುವುದು ಕಮಾನಿನ ದಾರಿಯಲ್ಲಿ, ನೇರ ರೇಖೆಯಲ್ಲಲ್ಲ. ಹಿರಿಯ ಕೀ ಅನಿಮೇಟರ್‌ಗಳ ಸಾವಿರಾರು ಮೂಲ ಚಿತ್ರಗಳನ್ನು ಕೈಯಲ್ಲಿ ಹಿಡಿದು, ಅವರ ಗೆರೆಯನ್ನು ತಾನೂ ಎಳೆದು, ಪರಿಶೀಲಕರು ತಪ್ಪು ಗುರುತಿಸಿ ಹಿಂದಿರುಗಿಸಿದಾಗ ಮತ್ತೆ ಬರೆದು, ಹೊಸಬರು ಕೀ ಅನಿಮೇಟರ್ ಆಗುತ್ತಿದ್ದರು.

ಈ ಮೆಟ್ಟಿಲು ಎರಡು ಕಡೆಯಿಂದ ಕುಸಿಯಿತು. ಚಿತ್ರವೊಂದಕ್ಕೆ ಇಷ್ಟು ಎಂದು ಕೂಲಿ ಕೊಡುವ ಪದ್ಧತಿಯಲ್ಲಿ ಒಂದು ದೋಗಾಗೆ ಕೆಲವು ನೂರು ಯೆನ್ ಮಾತ್ರ ಸಿಗುತ್ತದೆ; ಇಂದಿನ ಪಾತ್ರಗಳ ವೇಷಭೂಷಣದಲ್ಲಿ ಗೆರೆಗಳು ಹೆಚ್ಚಾಗಿರುವುದರಿಂದ ಒಂದು ಚಿತ್ರಕ್ಕೆ ಹಿಡಿಯುವ ಸಮಯವೂ ಹೆಚ್ಚಾಗಿದೆ. ಹೀಗಾಗಿ ಈ ಕೆಲಸದ ದೊಡ್ಡ ಪಾಲು ದಕ್ಷಿಣ ಕೊರಿಯಾ, ಚೀನಾ, ಫಿಲಿಪ್ಪೀನ್ಸ್ ಮೊದಲಾದ ದೇಶಗಳಿಗೆ ಹೊರಗುತ್ತಿಗೆಯಾಗಿ ಹೋಯಿತು. ಆ ದೇಶಗಳ ಕಲಾವಿದರ ಸಾಮರ್ಥ್ಯದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ನಷ್ಟವಾದದ್ದು ಗುರು ಮತ್ತು ಶಿಷ್ಯ ಒಂದೇ ಕೋಣೆಯಲ್ಲಿ ಕುಳಿತು ಚಿತ್ರ ತಿದ್ದುವ ಸಂಬಂಧ.

ಇನ್ನೊಂದು ಕಡೆ, ವರ್ಷಕ್ಕೆ ಸುಮಾರು 300 ಸರಣಿಗಳು ತಯಾರಾಗುವ ಕಾಲದಲ್ಲಿ ಕೀ ಅನಿಮೇಟರ್‌ಗಳ ಕೊರತೆ ತೀವ್ರವಾಯಿತು. ಹಿಂದೆ ಒಬ್ಬನೇ ಮಾಡುತ್ತಿದ್ದ ಕೆಲಸವನ್ನು ಎರಡಾಗಿ ಒಡೆದು, ಅನುಭವಿಗಳು ಲೇಔಟ್ ಮತ್ತು ಒರಟು ಚಲನೆಯನ್ನಷ್ಟೇ ಬರೆದುಕೊಟ್ಟು, ಅದನ್ನು ಶುದ್ಧಗೊಳಿಸುವ ‘ಎರಡನೇ ಗೆಂಗಾ’ವನ್ನು ಬೇರೊಬ್ಬರಿಗೆ ವಹಿಸುವ ಕ್ರಮ ಸಾಮಾನ್ಯವಾಯಿತು. ಇನ್‌ಬಿಟ್ವೀನ್‌ನಲ್ಲಿ ಸಾಕಷ್ಟು ಕಾಲ ಕಳೆಯದ ಹೊಸಬರು ನೇರವಾಗಿ ಈ ಕೆಲಸಕ್ಕೆ ಏರುತ್ತಾರೆ. ಒಳಬರುವ ಚಿತ್ರಗಳ ಮಟ್ಟ ಏರುಪೇರಾದಷ್ಟೂ ಅನಿಮೇಷನ್ ನಿರ್ದೇಶಕನ ಮೇಲೆ ಹೊರೆ ಬೀಳುತ್ತದೆ. ಅವನು ತಿದ್ದುವುದನ್ನು ಬಿಟ್ಟು ಪೂರ್ತಿ ಹೊಸದಾಗಿಯೇ ಬರೆಯಬೇಕಾಗುತ್ತದೆ. ಒಂದೇ ಕಂತಿನ ಕೊನೆಯಲ್ಲಿ ಹತ್ತಕ್ಕೂ ಹೆಚ್ಚು ಅನಿಮೇಷನ್ ನಿರ್ದೇಶಕರ ಹೆಸರು ಕಂಡರೆ ಅದನ್ನು ವೈಭವದ ಗುರುತೆಂದು ಓದಬಾರದು. ಬಹುತೇಕ ಸಂದರ್ಭಗಳಲ್ಲಿ ಸಮಯ ಮುಗಿದುಹೋಗಿ, ಸಿಕ್ಕವರನ್ನೆಲ್ಲ ಕರೆದು ಕಂತನ್ನು ಉಳಿಸಿಕೊಂಡದ್ದರ ಗುರುತು ಅದು.

ಶಿಖರ ಎತ್ತರವಾದದ್ದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅಂತರಜಾಲದಲ್ಲಿ ತಾವೇ ಕಲಿತು, ಡಿಜಿಟಲ್ ಸಾಧನಗಳಲ್ಲಿ ಬರೆಯುವ ಯುವಕಲಾವಿದರು, ಅವರಲ್ಲಿ ಜಪಾನಿನ ಹೊರಗಿನವರೂ, ಸಾಮಾಜಿಕ ಜಾಲತಾಣಗಳ ಮೂಲಕವೇ ಕೆಲಸಕ್ಕೆ ಆಯ್ಕೆಯಾಗುತ್ತಿದ್ದಾರೆ. ಇವರ ಹೊಡೆದಾಟದ ದೃಶ್ಯಗಳಲ್ಲಿ ಹಿಂದಿನ ತಲೆಮಾರಿಗೆ ಸಾಧ್ಯವಾಗದ ಸ್ವಾತಂತ್ರ್ಯವಿದೆ. ಆದರೆ ಇಂತಹ ಪ್ರತಿಭೆ ಒಂದು ಕಂತಿನ ಮೂವತ್ತು ಸೆಕೆಂಡನ್ನು ಬೆಳಗಬಲ್ಲುದೇ ಹೊರತು, ಚಹಾ ಲೋಟವನ್ನು ಮೇಜಿನ ಮೇಲಿಡುವ, ಮೆಟ್ಟಿಲು ಹತ್ತುವ, ಎದ್ದು ನಿಲ್ಲುವ ಸಾಧಾರಣ ಕಟ್‌ಗಳನ್ನೆಲ್ಲ ಹೊರಲಾರದು. ಸರಣಿಯ ನಿಜವಾದ ಮಟ್ಟ ತಿಳಿಯುವುದು ಈ ಸಾಧಾರಣ ಕಟ್‌ಗಳಲ್ಲಿಯೇ. 2023ರಲ್ಲಿ ‘ಜುಜುತ್ಸು ಕೈಸೆನ್’ ಸರಣಿಯ ಎರಡನೆಯ ಭಾಗ ಪ್ರಸಾರವಾಗುತ್ತಿದ್ದಾಗ, ಪ್ರೇಕ್ಷಕರು ಅದರ ಚಲನೆಯನ್ನು ಹೊಗಳುತ್ತಿದ್ದ ದಿನಗಳಲ್ಲೇ ಅದರಲ್ಲಿ ದುಡಿದ ಕೆಲವು ಅನಿಮೇಟರ್‌ಗಳು ವೇಳಾಪಟ್ಟಿಯ ಬಗ್ಗೆ ಬಹಿರಂಗವಾಗಿ ಅಸಮಾಧಾನ ತೋಡಿಕೊಂಡರು. ಶಿಖರ ಮತ್ತು ಬುನಾದಿ ಎರಡನ್ನೂ ಒಮ್ಮೆಗೇ ಕಾಣಿಸಿದ ಪ್ರಸಂಗವದು.

ಕಥೆಗಳ ಏಕತಾನತೆ

ಎಲ್ಲ ಸರಣಿಗಳೂ ಬೇರೆ ಲೋಕದಲ್ಲಿ ಮರುಹುಟ್ಟು ಪಡೆಯುವ ನಾಯಕನ ಕಥೆಗಳೇ ಎಂಬ ದೂರು ಅರ್ಧ ಸತ್ಯ. 2004ರಲ್ಲಿ ಆರಂಭವಾದ ‘ಶೋಸೆತ್ಸುಕಾ ನಿ ನರೋ’ ತಾಣದಲ್ಲಿ ಹವ್ಯಾಸಿಗಳು ಬರೆದ ಕಾದಂಬರಿಗಳಿಗೆ ಓದುಗರು ಈಗಾಗಲೇ ಇರುವುದರಿಂದ, ಅವುಗಳನ್ನು ಆರಿಸಿಕೊಳ್ಳುವ ಸಮಿತಿಗೆ ಅಪಾಯ ಕಡಿಮೆ ಎನಿಸುತ್ತದೆ. ಹನ್ನೆರಡು ಅಥವಾ ಹದಿಮೂರು ಕಂತುಗಳ ಒಂದು ಋತುವಿನಲ್ಲಿ ಕಥೆ ನಡುವೆಯೇ ನಿಲ್ಲುವುದಕ್ಕೂ ಇದೇ ಕಾರಣ. ಮೂಲ ಪುಸ್ತಕದ ಮಾರಾಟ ಹೆಚ್ಚಿದರೆ ಪ್ರಕಾಶಕರಿಗೆ ಸಾಕು. ಇದೇ ಮೂಲದಿಂದ ಬಂದ ‘ಮುಶೋಕು ತೆನ್ಸೆಯಿ’ಯನ್ನು 2021ರಲ್ಲಿ ತೆರೆಗೆ ತರಲು ಸ್ಟುಡಿಯೊ ಬೈಂಡ್ ಎಂಬ ಸಂಸ್ಥೆಯನ್ನೇ ಕಟ್ಟಲಾಯಿತು, ಮತ್ತು ಅದರ ಚಿತ್ರಣದ ಶ್ರದ್ಧೆ ಪ್ರತಿ ಕಂತಿನಲ್ಲೂ ಕಾಣುತ್ತದೆ. ಪ್ರಕಾರವನ್ನು ದೂಷಿಸುವುದರಿಂದ ಹೆಚ್ಚು ತಿಳಿಯುವುದಿಲ್ಲ.

ಬೇರೆ ದಾರಿ ಹಿಡಿದವರು

ಕ್ಯೋಟೋ ಅನಿಮೇಷನ್ ಇಲ್ಲಿ ವಿಶೇಷ ಅಧ್ಯಯನಕ್ಕೆ ಅರ್ಹ. ಅನಿಮೇಟರ್‌ಗಳಿಗೆ ತಿಂಗಳ ಸಂಬಳ ಕೊಟ್ಟು, ಇನ್‌ಬಿಟ್ವೀನ್‌ನಿಂದ ಹಿಡಿದು ಬಹುತೇಕ ಎಲ್ಲ ಹಂತಗಳನ್ನೂ ತನ್ನಲ್ಲೇ ಮಾಡಿಸಿಕೊಂಡು, ಹೊಸಬರಿಗೆ ತನ್ನದೇ ಶಾಲೆಯನ್ನೂ ನಡೆಸುತ್ತ ಬಂದ ಸಂಸ್ಥೆ ಅದು. 2009ರಿಂದ ತನ್ನದೇ ಸಾಹಿತ್ಯ ಪ್ರಶಸ್ತಿ, 2011ರಿಂದ ತನ್ನದೇ ಪ್ರಕಾಶನ ಮಾಲೆಯನ್ನು ನಡೆಸಿ ಕಥೆಯ ಹಕ್ಕನ್ನು ಕೈಯಲ್ಲಿಟ್ಟುಕೊಂಡಿತು. ‘ವಯೊಲೆಟ್ ಎವರ್‌ಗಾರ್ಡನ್’ ಆ ಮಾಲೆಯಿಂದಲೇ ಬಂದದ್ದು. 2019ರ ಜುಲೈ 18ರಂದು ದುಷ್ಕರ್ಮಿಯೊಬ್ಬ ಹಚ್ಚಿದ ಬೆಂಕಿಗೆ ಅಲ್ಲಿನ 36 ಮಂದಿ ಬಲಿಯಾದಾಗ ಅನಿಮೆ ಲೋಕ ಕಳೆದುಕೊಂಡದ್ದನ್ನು ಯಾವ ಅಂಕಿಯೂ ಹೇಳಲಾರದು. ಹಾಗಿದ್ದೂ ಸಂಸ್ಥೆ ಮತ್ತೆ ಸರಣಿಗಳನ್ನು ತಂದಿತು. ಒಳಗೇ ತರಬೇತಿ ಕೊಡುವ ಪರಂಪರೆ ಇಲ್ಲದಿದ್ದರೆ ಅದು ಸಾಧ್ಯವಾಗುತ್ತಿತ್ತೆಂದು ನನಗೆ ಅನಿಸುವುದಿಲ್ಲ.

2022ರಲ್ಲಿ ‘ಚೈನ್‌ಸಾ ಮ್ಯಾನ್’ ಸರಣಿಗೆ ಮಾಪ್ಪಾ ಸ್ಟುಡಿಯೊ ಸಮಿತಿಯಿಲ್ಲದೆ ತಾನೇ ಹಣ ಹೂಡಿತು. ಹಕ್ಕು ಸ್ಟುಡಿಯೊ ಬಳಿ ಇದ್ದರೆ ಲಾಭವೂ ಅಲ್ಲೇ ಉಳಿಯುತ್ತದೆ. ಆ ಲಾಭ ಚಿತ್ರಗಾರರ ಮೇಜಿನವರೆಗೆ ತಲುಪುವುದು ಸಂಸ್ಥೆಯ ಆಡಳಿತಕ್ಕೆ ಬಿಟ್ಟದ್ದು. ಸರ್ಕಾರದ ಪ್ರಯತ್ನಗಳಲ್ಲಿ ಮುಖ್ಯವಾದದ್ದು ಸಾಂಸ್ಕೃತಿಕ ವ್ಯವಹಾರಗಳ ಇಲಾಖೆ 2010ರಿಂದ ಹಣ ಕೊಟ್ಟು ನಡೆಸಿದ ಯುವ ಅನಿಮೇಟರ್‌ಗಳ ತರಬೇತಿ ಯೋಜನೆ. ಟ್ರಿಗರ್ ಸ್ಟುಡಿಯೊದ ‘ಲಿಟ್ಲ್ ವಿಚ್ ಅಕಾಡೆಮಿಯಾ’ 2013ರಲ್ಲಿ ಆ ಯೋಜನೆಯ ಕಿರುಚಿತ್ರವಾಗಿಯೇ ಹುಟ್ಟಿತು.

ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಹೊರಗುತ್ತಿಗೆ ಬೆಂಗಳೂರಿನ ಅನೇಕ ಯುವಕ ಯುವತಿಯರ ಜೀವನೋಪಾಯವೂ ಆಗಿರುವುದರಿಂದ ಈ ಚರ್ಚೆ ಕನ್ನಡದ ಕಲಿಯುವವರಿಗೆ ದೂರದ್ದೇನಲ್ಲ. ಕೆಲಸ ಹೊರಗೆ ಹೋದಾಗ ಕಲಿಕೆಯೂ ಜೊತೆಗೆ ಹೋಗುತ್ತದೆಯೇ, ಅಥವಾ ಬರೀ ಗಡುವು ಮಾತ್ರ ಬರುತ್ತದೆಯೇ ಎಂಬುದನ್ನು ಕೆಲಸ ಪಡೆಯುವ ಊರಿನವರೂ ಕೇಳಬೇಕಾಗುತ್ತದೆ.

2023ರಲ್ಲಿ ರಚನೆಯಾದ ನಾಫ್ಕಾ ಎಂಬ ಸಂಘ ಅನಿಮೇಟರ್‌ಗಳ ದುಡಿಮೆಯ ಸ್ಥಿತಿಯನ್ನು ದಾಖಲಿಸುತ್ತಿದೆ. ಇನ್‌ಬಿಟ್ವೀನ್ ಕೌಶಲವನ್ನು ಅಳೆಯುವ ಪರೀಕ್ಷೆಯನ್ನೂ 2024ರಲ್ಲಿ ಆರಂಭಿಸಿತು. ಅದೇ ವರ್ಷದ ನವೆಂಬರ್ 1ರಂದು ಜಪಾನಿನಲ್ಲಿ ಸ್ವತಂತ್ರ ಕೆಲಸಗಾರರ ರಕ್ಷಣೆಯ ಕಾನೂನು ಜಾರಿಗೆ ಬಂದಿದೆ. ಅನಿಮೇಟರ್‌ಗಳಲ್ಲಿ ಬಹಳಷ್ಟು ಮಂದಿ ಯಾವ ಸಂಸ್ಥೆಯ ಕಾಯಂ ನೌಕರರೂ ಅಲ್ಲದ ಕಾರಣ ಇದು ಅವರಿಗೆ ಮುಖ್ಯ: ಕೆಲಸದ ಷರತ್ತುಗಳನ್ನು ಲಿಖಿತವಾಗಿ ಕೊಡಬೇಕು, ಕೆಲಸ ಒಪ್ಪಿಸಿದ 60 ದಿನಗಳೊಳಗೆ ಹಣ ಪಾವತಿಸಬೇಕು. ಆದರೆ ಒಂದು ಚಿತ್ರಕ್ಕೆ ಎಷ್ಟು ಕೂಲಿ ಎಂಬುದನ್ನು ಆ ಕಾನೂನು ನಿಗದಿಪಡಿಸುವುದಿಲ್ಲ. ಅದು ಇಂದಿಗೂ ಸಮಿತಿ, ಸ್ಟುಡಿಯೊ ಮತ್ತು ಉಪಗುತ್ತಿಗೆದಾರರ ನಡುವಿನ ಚೌಕಾಶಿಯಲ್ಲೇ ತೀರ್ಮಾನವಾಗುತ್ತದೆ.