ಟ್ಯಾವಿಸ್ಟಾಕ್: ಪೇಟೆಯೂ ಮೂರ್‌ಲ್ಯಾಂಡೂ ಒಂದೇ ದಿನದಲ್ಲಿ ಆಗುತ್ತಾ?

ಪ್ರಶ್ನೆ: ಮಗಳು ಇಂಗ್ಲೆಂಡಿನ ಪ್ಲಿಮತ್‌ನಲ್ಲಿದ್ದಾಳೆ. ನಾವಿಬ್ಬರೂ ಬೇಸಿಗೆಯಲ್ಲಿ ಅಲ್ಲಿಗೆ ಹೊರಟಿದ್ದೇವೆ. ಟ್ಯಾವಿಸ್ಟಾಕ್ ಪೇಟೆ, ಪಕ್ಕದ ಡಾರ್ಟ್‌ಮೂರ್ (ಮೂರ್ ಅಂದರೆ ಮರಗಳಿಲ್ಲದ ಹುಲ್ಲುಗಾಡು) ಎರಡನ್ನೂ ಒಂದೇ ದಿನದಲ್ಲಿ ನೋಡಬಹುದಾ?

ಧಾರಾಳವಾಗಿ ನೋಡಬಹುದು. ಆದರೆ ಶುಕ್ರವಾರವೇ ಹೋಗಿ. 1105ರಲ್ಲಿ ರಾಜ ಒಂದನೇ ಹೆನ್ರಿ ಇಲ್ಲಿ ವಾರದ ಸಂತೆಗೆ ಅಪ್ಪಣೆ ಕೊಟ್ಟ. ಆ ಶುಕ್ರವಾರದ ಸಂತೆ ಇಂದಿಗೂ ನಡೆಯುತ್ತದೆ. ರೈಲು 1968ರಲ್ಲೇ ನಿಂತುಹೋಗಿದೆ. ಪ್ಲಿಮತ್‌ನಿಂದ ಬಸ್ಸಿದೆ, ಸುಮಾರು ಒಂದು ಗಂಟೆ ದಾರಿ.

ಬೆಳಿಗ್ಗೆಯೆಲ್ಲ ಊರಲ್ಲೇ ಇರಿ. ಮೊದಲು ಪ್ಯಾನಿಯರ್ ಮಾರ್ಕೆಟ್. ಸೂರಿನಡಿ ಸಾಲುಸಾಲು ಅಂಗಡಿ, ಮಳೆ ಬಂದರೂ ಚಿಂತೆಯಿಲ್ಲ. ಹೊರಗೆ ಬಂದು ಗೋಡೆಗಳನ್ನು ಹತ್ತಿರದಿಂದ ನೋಡಿ. ಹಸಿರು ಬೆರೆತ ಬೂದುಬಣ್ಣದ ಕಲ್ಲು, ಹೆಸರು ಹರ್ಡ್‌ವಿಕ್. ಮಳೆಯಲ್ಲಿ ನೆನೆದರೆ ಆ ಹಸಿರು ಇನ್ನೂ ಗಾಢ. ನನಗಂತೂ ಈ ಊರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಈ ಕಲ್ಲೇ.

ಇಷ್ಟು ಚಿಕ್ಕ ಊರಿಗೆ ಇಂಥ ಕಟ್ಟಡಗಳು ಎಲ್ಲಿಂದ ಬಂದವು? ನೆಲದಡಿಯಿಂದ. ಡಾರ್ಟ್‌ಮೂರ್‌ನಲ್ಲಿ ತೆಗೆದ ತವರವನ್ನು ಹಿಂದೆ ತೂಗಿ ಮುದ್ರೆ ಹಾಕುತ್ತಿದ್ದ ಊರುಗಳಲ್ಲಿ ಇದೂ ಒಂದು. 1539ರಲ್ಲಿ ಇಲ್ಲಿನ ಕ್ರೈಸ್ತ ಮಠ ಮುಚ್ಚಿತು, ಅದರ ಜಮೀನು ರಸೆಲ್ ಮನೆತನಕ್ಕೆ ಹೋಯಿತು. ಇವರೇ ಮುಂದೆ ಬೆಡ್‌ಫರ್ಡ್ ಡ್ಯೂಕ್‌ಗಳಾದರು. 1844ರಲ್ಲಿ ಹತ್ತಿರದಲ್ಲೇ ಭಾರಿ ತಾಮ್ರ ಸಿಕ್ಕಿತು. ಜಮೀನು ಡ್ಯೂಕ್‌ನದು, ಹಾಗಾಗಿ ಗಣಿಯಿಂದ ರಾಯಲ್ಟಿ ಬಂತು, ಆ ದುಡ್ಡಲ್ಲಿ ಡ್ಯೂಕ್ ಊರಿನ ನಡುಭಾಗವನ್ನೇ ಹೊಸದಾಗಿ ಕಟ್ಟಿಸಿದ. ಮಠದ ಮುರುಕು ಗೋಡೆ, ಗೋಪುರ ಚರ್ಚಿನ ಸುತ್ತಮುತ್ತ ಇವೆ, ತಪ್ಪದೆ ನೋಡಿ.

ಮಧ್ಯಾಹ್ನ ಮೂರ್ ಕಡೆ ಹೊರಡಿ. ಬಸ್ಸು ಕಡಿಮೆ, ಮಗಳ ಕಾರು ಅಥವಾ ಟ್ಯಾಕ್ಸಿ ಬೇಕು. ಪ್ರಿನ್ಸ್‌ಟೌನ್ ರಸ್ತೆಯಲ್ಲಿ ಪೋರ್ಕ್ ಹಿಲ್ ಹತ್ತಿದರೆ ಸಾಕು, ಮರಗಳು ಮುಗಿದು ಬರೀ ಹುಲ್ಲು, ಬಂಡೆ, ಗಾಳಿ. ಸ್ವಲ್ಪ ಮುಂದೆ ಮೆರಿವೇಲ್. ಅಲ್ಲಿ ಸಾವಿರಾರು ವರ್ಷಗಳ ಹಿಂದೆ ನೆಟ್ಟ ಗಿಡ್ಡ ಕಲ್ಲುಗಳು ಜೋಡಿ ಸಾಲಾಗಿ ನಿಂತಿವೆ. ರಸ್ತೆಯಿಂದ ಹೆಚ್ಚು ನಡೆಯಬೇಕಿಲ್ಲ. ಇನ್ನೂ ಒಳಕ್ಕೆ ಹೋಗುವ ಆಸೆ ಬೇಡ. ಮಂಜು ದಿಢೀರನೆ ಕವಿಯುತ್ತದೆ, ನೆಲದಲ್ಲಿ ಜೌಗು ಜಾಸ್ತಿ. ಚಪ್ಪಲಿ ನಡೆಯಲ್ಲ, ಗಟ್ಟಿ ಶೂ ಹಾಕಿ. ರೇನ್‌ಕೋಟ್ ಇರಲಿ, ಆ ಗಾಳಿಗೆ ಕೊಡೆ ನಿಲ್ಲದು. ಮೂರ್‌ನಲ್ಲಿ ಮೇಯುವ ಕುದುರೆಗಳು ಹತ್ತಿರ ಬಂದರೂ ತಿನ್ನಲು ಏನೂ ಕೊಡಬೇಡಿ, ಅದಕ್ಕೆ ನಿಷೇಧವಿದೆ.

ಸಂಜೆ ಊರಿಗೆ ವಾಪಸು ಬಂದು ಕ್ರೀಮ್ ಟೀ ತಗೊಳ್ಳಿ, ಅಂದರೆ ಚಹಾ, ಜೊತೆಗೆ ಕೆನೆ, ಜಾಮ್ ಹಚ್ಚಿದ ಸ್ಕೋನ್ ಎಂಬ ಸಣ್ಣ ಬನ್. ಸ್ಕೋನ್‌ನಲ್ಲಿ ಮೊಟ್ಟೆ ಇರಬಹುದು. ನೀವು ತಿನ್ನಲ್ಲ ಅಂದರೆ ಆರ್ಡರ್ ಮಾಡುವ ಮೊದಲೇ ಕೇಳಿ.