ಮಗುವಿನ ತೂಕಕ್ಕೆ ಪಾಸು-ಫೇಲು ಇಲ್ಲ

ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆಯಿಟ್ಟು ‘ಹದಿನೈದನೇ ಪರ್ಸೆಂಟೈಲ್’ ಎಂದರೆ ಸಾಕು, ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ‘ನೂರಕ್ಕೆ ಹದಿನೈದೇ ಏನ್ರಿ ಸಾಹೇಬರೆ?’ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲಬುರಗಿಯನ್ನು ಕೆಳಗಿನಿಂದ ಹುಡುಕಿ ರೂಢಿಯಾದ ಜನ ನಾವು. ಪಾಸಿನ ಗೆರೆ ದಾಟದ ಅಂಕಿ ಕಂಡರೆ ಎದೆ ಝಲ್ಲೆನ್ನುತ್ತದೆ. ಆದರೆ ಇದು ಅಂಕವಲ್ಲ. ಒಂದೇ ವಯಸ್ಸಿನ ನೂರು ಆರೋಗ್ಯವಂತ ಹೆಣ್ಣುಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗಳಿಗಿಂತ ಹಗುರವಾದವರು ಹದಿನೈದು ಮಂದಿ ಇರುತ್ತಾರೆ, ಅಷ್ಟೇ ಅದರ ಅರ್ಥ. ವರ್ಷ ತುಂಬಿದ ಹೆಣ್ಣುಮಗುವಿಗೆ ಮೂರನೇ ಪರ್ಸೆಂಟೈಲಿನ ಗೆರೆ 7.1 ಕಿಲೋ, ತೊಂಬತ್ತೇಳನೆಯದು 11.3. ನಡುವೆ ನಾಲ್ಕು ಕಿಲೋ ಜಾಗವಿದೆ. ಎಲ್ಲರೂ ಐವತ್ತರ ಗೆರೆಯ ಮೇಲೆಯೇ ನಿಲ್ಲಬೇಕೆಂದು ಯಾರೂ ಹೇಳಿಲ್ಲ.

ಆಳಂದ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದಿದ್ದರು. ಚೀಲದಲ್ಲಿ ಮೂರು ಬಗೆಯ ಟಾನಿಕ್ ಬಾಟಲಿ. ಪಕ್ಕದ ಮನೆಯ ಗಂಡುಮಗು ಗುಂಡಗಿದೆ, ಇವಳು ‘ಏರುತ್ತಲೇ ಇಲ್ಲ’ ಎಂಬ ದೂರು. ಪುಣ್ಯಕ್ಕೆ ತಾಯಿ ಕಾರ್ಡ್ ಕೂಡ ಅದೇ ಚೀಲದಲ್ಲಿತ್ತು. ಹುಟ್ಟಿದಾಗ 2.8 ಕಿಲೋ, ಆರು ತಿಂಗಳಿಗೆ 6.4, ಈಗ ವರ್ಷ ತುಂಬಿದಾಗ 7.9. ಮೂರು ಚುಕ್ಕೆಗಳೂ ಹದಿನೈದರ ಗೆರೆಯ ಮೇಲೇ. ಮಗು ನನ್ನ ಸ್ಟೆತಾಸ್ಕೋಪ್ ಕಿತ್ತು ಬಾಯಿಗಿಟ್ಟುಕೊಂಡಿತ್ತು. ಟಾನಿಕ್ ನಿಲ್ಲಿಸಿ ಎಂದೆ. ಅಜ್ಜಿಗೆ ಸಮಾಧಾನವಾದಂತೆ ಕಾಣಲಿಲ್ಲ. ಔಷಧಿ ಬರೆಯದ ಡಾಕ್ಟರಿಗೆ ಫೀಸು ಯಾಕೆ ಎಂಬ ಪ್ರಶ್ನೆ ಅವರ ಕಣ್ಣಲ್ಲೇ ಇತ್ತು.

ನನಗೆ ನಿಜಕ್ಕೂ ಹೆದರಿಕೆಯಾಗುವುದು ಬೇರೊಂದು ಮಗುವಿನ ಬಗ್ಗೆ. ಗಂಡುಮಗು, ಆರು ತಿಂಗಳಿಗೆ 7.9 ಕಿಲೋ, ಸರಿಯಾಗಿ ಐವತ್ತರ ಗೆರೆ. ವರ್ಷ ತುಂಬಿದಾಗ 8.6. ತೂಕ ಏರಿದೆಯಲ್ಲ ಎಂದು ಮನೆಯವರಿಗೆ ನೆಮ್ಮದಿ. ಆದರೆ ಚಾರ್ಟಿನಲ್ಲಿ ಅವನು ಐವತ್ತರಿಂದ ಹದಿನೈದಕ್ಕೆ ಜಾರಿದ್ದಾನೆ. ಇಬ್ಬರೂ ಹದಿನೈದರಲ್ಲೇ ಇದ್ದಾರೆ. ಅವಳು ತನ್ನ ದಾರಿಯಲ್ಲಿದ್ದಾಳೆ, ಇವನು ದಾರಿ ತಪ್ಪಿದ್ದಾನೆ. ಒಂದು ಚುಕ್ಕೆಯಿಂದ ಇದು ತಿಳಿಯುವುದಿಲ್ಲ, ಚುಕ್ಕೆಗಳನ್ನು ಜೋಡಿಸಿದ ಗೆರೆಯಿಂದ ತಿಳಿಯುತ್ತದೆ. ಹೀಗೆ ಜಾರಿದ್ದಕ್ಕೆಲ್ಲ ಕಾಯಿಲೆಯೇ ಕಾರಣವೆನ್ನಲಾಗದು, ಪರೀಕ್ಷಿಸಿಯೇ ಹೇಳಬೇಕು. ಆದರೆ ಏನು ಉಣಿಸುತ್ತೀರಿ ಎಂದು ಕೇಳಿದರೆ ಅನೇಕ ಬಾರಿ ಬರುವ ಉತ್ತರ: ಬೇಳೆ ಕಟ್ಟು, ಚಹಾದಲ್ಲಿ ಅದ್ದಿದ ಬಿಸ್ಕತ್ತು. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ತೊಗರಿಯ ಊರಿನಲ್ಲಿ ಬೇಳೆ ದೊಡ್ಡವರ ತಟ್ಟೆಗೆ, ಅದರ ನೀರು ಕೂಸಿಗೆ!

ಓದಿದ ತಂದೆಯರ ತಕರಾರು ಇನ್ನೊಂದು: ‘ಇದು ವಿದೇಶಿ ಚಾರ್ಟ್ ಅಲ್ಲವೇ?’ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಐದು ವರ್ಷದೊಳಗಿನವರ ಮಾನದಂಡಕ್ಕೆ ಆರು ದೇಶಗಳ ಮಕ್ಕಳನ್ನು ಅಳೆದಿದ್ದಾರೆ, ಅವರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಎದೆಹಾಲು, ಒಳ್ಳೆಯ ಆರೈಕೆ ಸಿಕ್ಕರೆ ಮಗು ಹೇಗೆ ಬೆಳೆಯಬೇಕು ಎಂಬುದನ್ನು ಅದು ತೋರಿಸುತ್ತದೆ. ಐದರಿಂದ ಹದಿನೆಂಟರವರೆಗೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಚಾರ್ಟ್ ಬಳಸುತ್ತೇವೆ.

ಚಾರ್ಟ್ ಯಾವುದಾದರೇನು, ಅಳತೆ ಮತ್ತು ವಯಸ್ಸು ಸರಿ ಇರಬೇಕು. ಎತ್ತರವನ್ನು ಎರಡು ವರ್ಷದವರೆಗೆ ಮಲಗಿಸಿ ಅಳೆಯುತ್ತೇವೆ, ಆಮೇಲೆ ನಿಲ್ಲಿಸಿ. ನಿಂತಾಗ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಮಗು ಕುಗ್ಗಿತೆಂದು ಗಾಬರಿಯಾಗಬೇಡಿ. ಇನ್ನು ಶಾಲೆಯ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿದ ನಮ್ಮ ಹಳ್ಳಿಗಳ ಮಕ್ಕಳು! ಹಾಜರಿ ಪುಸ್ತಕಕ್ಕೆ ಅದು ನಡೆಯುತ್ತದೆ, ನನಗೆ ನಡೆಯುವುದಿಲ್ಲ.

ಏಳನೇ ತರಗತಿಯ ಹುಡುಗ ಅಕ್ಕಪಕ್ಕದ ಹುಡುಗಿಯರಿಗಿಂತ ಗಿಡ್ಡ ಎಂದು ಅಳುಮೋರೆಯಲ್ಲಿ ಬಂದರೆ ನಾನು ಬೆನ್ನು ತಟ್ಟಿ ಕಳಿಸುವುದೇ ಹೆಚ್ಚು. ಹುಡುಗಿಯರು ಸರಸರನೆ ಎತ್ತರವಾಗುವ ಜಿಗಿತ ಸುಮಾರು ಎರಡು ವರ್ಷ ಮೊದಲೇ ಶುರುವಾಗುತ್ತದೆ. ಆದರೆ ಐದಾರು ವರ್ಷ ದಾಟಿದ ಮಗು ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ ಜಾಹೀರಾತಿನ ಪುಡಿ ಕಲಸುತ್ತ ಕೂರದೆ ಕರೆತನ್ನಿ. ಬರುವಾಗ ಹಳೆಯ ತಾಯಿ ಕಾರ್ಡ್, ಶಾಲೆಯ ಆರೋಗ್ಯ ತಪಾಸಣೆಯ ಚೀಟಿ, ಎತ್ತರ ಬರೆದಿಟ್ಟ ಯಾವುದೇ ಕಾಗದವಿದ್ದರೂ ತನ್ನಿ. ಪುಣೆ, ಮುಂಬೈಗೆ ದುಡಿಯಲು ಹೋಗುವವರು ಆ ಕಾರ್ಡನ್ನು ಊರಿನ ಟ್ರಂಕಿನಲ್ಲಿ ಬಿಟ್ಟು ಹೋಗಬೇಡಿ. ಅಲ್ಲಿನ ಅಂಗನವಾಡಿಯಲ್ಲಿ ಅದನ್ನೇ ತೋರಿಸಿ ತೂಕ ಬರೆಸಿ.