ಪದ ಪರಿಚಯ: ಕಾಯುವ ಅವಧಿ

ಆರೋಗ್ಯ ವಿಮೆಯ ಪತ್ರದಲ್ಲಿ ‘ಕಾಯುವ ಅವಧಿ’ ಎಂದು ಅಚ್ಚಾಗಿದ್ದರೂ ಮಡಿಕೇರಿಯ ಏಜೆಂಟರಿಂದ ಹಿಡಿದು ಮೈಸೂರಿನ ಆಸ್ಪತ್ರೆ ಕೌಂಟರಿನವರೆಗೆ ಎಲ್ಲರ ಬಾಯಲ್ಲೂ ಇದು ವೇಟಿಂಗ್ ಪೀರಿಯಡ್. ಪ್ರೀಮಿಯಂ ಕಟ್ಟಿದ್ದರೂ ಇಂತಿಂಥ ಕಾಯಿಲೆಗೆ ಇಂತಿಷ್ಟು ಕಾಲ ಕಂಪನಿ ಹಣ ಕೊಡುವುದಿಲ್ಲ ಎಂಬ ಷರತ್ತು ಅದು. ವಿಮೆ ಸುಧಾರಣೆಯ ಬಗ್ಗೆ ನಡೆಯುವ ರಾಜಕೀಯ ಚರ್ಚೆಯೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಷರತ್ತಿನ ಹತ್ತಿರವೇ.

ಒಂದೇ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೂರು ಕಾಯುವ ಅವಧಿಗಳಿರುತ್ತವೆ. ಹೊಸ ಪಾಲಿಸಿಯ ಮೊದಲ 30 ದಿನ ಯಾವ ಕಾಯಿಲೆಗೂ ಹಣವಿಲ್ಲ, ಅಪಘಾತ ಮಾತ್ರ ಇದಕ್ಕೆ ಹೊರತು. ಕಣ್ಣಿನ ಪೊರೆ, ಹರ್ನಿಯಾ, ಮೂತ್ರಪಿಂಡದ ಕಲ್ಲು, ಮಂಡಿ ಚಿಪ್ಪು ಬದಲಾವಣೆಯಂಥ ಹೆಸರಿಸಿದ ಚಿಕಿತ್ಸೆಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ 24 ತಿಂಗಳು. ಮೂರನೆಯದು, ಜಗಳಕ್ಕೆಲ್ಲ ಮೂಲವಾದದ್ದು, ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಯದು. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಗುರುತಿಸಿದ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆಯನ್ನು ಹಾಗೆನ್ನುತ್ತಾರೆ. ಇದಕ್ಕೆ ಕಂಪನಿ ಗರಿಷ್ಠ 36 ತಿಂಗಳು ಕಾಯಿಸಬಹುದು.

ಒಂದು ಲೆಕ್ಕ ನೋಡಿ. 2025ರ ಮಾರ್ಚ್ 10ಕ್ಕೆ ಪಾಲಿಸಿ ಶುರು, ಮನೆಯ ಹಿರಿಯರಿಗೆ 2020ರಿಂದ ಶುಗರ್, ಮಾತ್ರೆ ನಡೆಯುತ್ತಿದೆ, ಅರ್ಜಿಯಲ್ಲಿ ಅದನ್ನು ಬರೆದಿದ್ದಾರೆ. ಮಾರ್ಚ್ 12ಕ್ಕೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದರೆ ಹಣ ಸಿಗುತ್ತದೆ. ಮೇ ತಿಂಗಳಲ್ಲಿ ಡೆಂಗಿಯಿಂದ ಅಡ್ಮಿಟ್ ಆದರೂ ಸಿಗುತ್ತದೆ, 30 ದಿನ ದಾಟಿದೆ. 2027ರಲ್ಲಿ ಶುಗರಿನಿಂದಲೇ ಕಾಲಿನ ಗಾಯ ಕೊಳೆತು ಶಸ್ತ್ರಚಿಕಿತ್ಸೆ ಬೇಕಾದರೆ, ಮೂರು ವರ್ಷ ಕಾಯಿಸುವ ಪಾಲಿಸಿಯಲ್ಲಿ ಸಿಗುವುದಿಲ್ಲ. ಅದೇ ಚಿಕಿತ್ಸೆ 2028ರ ಮಾರ್ಚ್ 10ರ ನಂತರವಾದರೆ ಸಿಗುತ್ತದೆ.

ಇಷ್ಟು ಕಠಿಣವಾದ ಷರತ್ತು ಯಾಕೆ? ನೂರು ಮನೆಯ ಒಂದು ಊರು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಐದು ಮನೆಗೆ ತಲಾ 2 ಲಕ್ಷ ರೂಪಾಯಿ ಆಸ್ಪತ್ರೆ ಖರ್ಚು ಬರುತ್ತದೆ. ನೂರು ಮನೆಯೂ ಸೇರಿದರೆ ಮನೆಗೆ 10,000 ರೂಪಾಯಿ ಸಾಕು. ‘ಕಾಯಿಲೆ ಬಂದ ಮೇಲೆ ಸೇರಿದರಾಯಿತು’ ಎಂದು ಎಂಬತ್ತು ಮನೆ ಹೊರಗುಳಿದು, ಆ ಐದು ಮನೆಯೂ ಸೇರಿ ಇಪ್ಪತ್ತೇ ಉಳಿದರೆ ತಲಾ 50,000 ಬೀಳುತ್ತದೆ. ಆಗ ಆರೋಗ್ಯವಾಗಿರುವವರು ಇನ್ನಷ್ಟು ಮಂದಿ ಬಿಡುತ್ತಾರೆ, ದರ ಮತ್ತೆ ಏರುತ್ತದೆ. ಕಾಯುವ ಅವಧಿ ಇದಕ್ಕೆ ಹಾಕಿದ ತಡೆ. ಕಾಯಿಲೆಯವರನ್ನು ಶಿಕ್ಷಿಸುವ ಉದ್ದೇಶ ಅದಕ್ಕಿಲ್ಲ, ಆದರೆ ಏಟು ಬೀಳುವುದು ಅವರಿಗೇ.

ಈ ತಡೆಯನ್ನು ತೆಗೆದುಹಾಕಿದ ದೇಶ ಅಮೆರಿಕ. 2010ರ ಕಾನೂನು 2014ರ ಜನವರಿಯಿಂದ ಜಾರಿಗೆ ಬಂದಂತೆ, ಮೊದಲೇ ಇದ್ದ ಕಾಯಿಲೆಯ ಕಾರಣಕ್ಕೆ ಕಂಪನಿಗಳು ಯಾರನ್ನೂ ನಿರಾಕರಿಸುವಂತಿಲ್ಲ, ಕಾಯಿಸುವಂತಿಲ್ಲ. ಈ ವ್ಯವಸ್ಥೆ ಕುಸಿಯದಿರಲು ಇನ್ನೆರಡು ಆಸರೆ ಕೊಟ್ಟರು: ವಿಮೆ ಮಾಡಿಸದಿದ್ದರೆ ದಂಡ, ಕಡಿಮೆ ಆದಾಯದವರ ಪ್ರೀಮಿಯಂಗೆ ಸಬ್ಸಿಡಿ. ಜೊತೆಗೆ ವರ್ಷದಲ್ಲಿ ನಿಗದಿತ ತಿಂಗಳುಗಳಲ್ಲಿ ಮಾತ್ರ ನೋಂದಣಿ. ದಂಡ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ರಿಪಬ್ಲಿಕನ್ನರು ವಾದಿಸಿದರು, 2019ರಿಂದ ಅದು ಸೊನ್ನೆಯಾಯಿತು. 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಕೇಂದ್ರ ಸರ್ಕಾರದ ಕೆಲಸ ಸ್ಥಗಿತಗೊಂಡದ್ದರ ಹಿಂದೆಯೂ ಇದ್ದದ್ದು ಹೆಚ್ಚುವರಿ ಸಬ್ಸಿಡಿ ಮುಂದುವರಿಸಬೇಕೇ ಎಂಬ ಜಗಳ. ಕಾಯುವ ಅವಧಿ ಬೇಡವೆಂದರೆ ಎಲ್ಲರನ್ನೂ ಒಳಗೆ ತರುವ ಬೇರೆ ದಾರಿ ಬೇಕು, ಅದರ ಖರ್ಚನ್ನು ಯಾರಾದರೂ ಹೊರಬೇಕು.

ನಮ್ಮಲ್ಲಿ ಷರತ್ತು ಹೋಗಿಲ್ಲ, ಸಡಿಲವಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ 2024ರ ಏಪ್ರಿಲ್‌ನಿಂದ ಗರಿಷ್ಠ ಕಾಯುವಿಕೆ 48 ತಿಂಗಳಿಂದ 36ಕ್ಕೆ ಇಳಿಯಿತು. ಸತತ 60 ತಿಂಗಳು ಪಾಲಿಸಿ ನಡೆಸಿದವರ ಮೇಲೆ ‘ಕಾಯಿಲೆ ಮುಚ್ಚಿಟ್ಟಿರಿ’ ಎಂದು ಕಂಪನಿ ತಗಾದೆ ತೆಗೆಯುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ತೆಗೆಯಬಹುದು. ಮೊದಲು ಇದು 8 ವರ್ಷವಿತ್ತು. ಸಂಸತ್ತಿನಲ್ಲಿ ಹೆಚ್ಚು ಸದ್ದು ಮಾಡಿದ್ದು ಮಾತ್ರ ಜಿಎಸ್‌ಟಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಶೇಕಡಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಒಳ್ಳೆಯದೇ. ಆದರೆ ಕೊಡಗಿನ ಸಣ್ಣ ಬೆಳೆಗಾರರಿಗೆ ತೆರಿಗೆಗಿಂತ ಕಾಯುವ ಅವಧಿಯ ಹೊಡೆತ ದೊಡ್ಡದು. ಅದಕ್ಕೆ ಕಾರಣ ಇಲ್ಲಿನ ಹಣದ ಕಾಲ.

ಕಾಫಿ ಕೊಯ್ಲು ಮುಗಿದು ಮಾರಾಟವಾದಾಗ, ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ, ಮನೆಯಲ್ಲಿ ಹಣವಿರುತ್ತದೆ. ಪಾಲಿಸಿಯ ನವೀಕರಣ ಜುಲೈ, ಆಗಸ್ಟಿನ ಮಳೆಯಲ್ಲಿ ಬಂದರೆ ಕಟ್ಟಲು ಕಷ್ಟ. ವಾರ್ಷಿಕ ಪ್ರೀಮಿಯಂ ಕಟ್ಟಲು ತಾರೀಕು ದಾಟಿದ ಮೇಲೂ 30 ದಿನದ ಕಾಲಾವಕಾಶ ಇದೆ. ಅಷ್ಟರೊಳಗೆ ಕಟ್ಟಿದರೆ ಹಿಂದಿನ ವರ್ಷಗಳಲ್ಲಿ ಕಾದದ್ದು ಲೆಕ್ಕದಲ್ಲಿ ಉಳಿಯುತ್ತದೆ, ಆದರೆ ಕಟ್ಟದೆ ಉಳಿದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಹಣವಿಲ್ಲ. 30 ದಿನವೂ ದಾಟಿತೋ, ಎರಡು ವರ್ಷ ಕಾದದ್ದೂ ನೀರುಪಾಲು, ಹೊಸ ಪಾಲಿಸಿ ಮಾಡಿಸಿ ಮೊದಲಿಂದ ಎಣಿಸಬೇಕು. ಹಾಗಾಗಿ ಹೊಸದಾಗಿ ಮಾಡಿಸುವವರು ಫೆಬ್ರವರಿ, ಮಾರ್ಚಿನಲ್ಲೇ ಶುರು ಮಾಡಿ. ಮಳೆಗಾಲದ ತಾರೀಕಿನ ಪಾಲಿಸಿ ಈಗಾಗಲೇ ಇದ್ದರೆ ಕಾಫಿ ಮಾರಿದ ದುಡ್ಡಿನಲ್ಲಿ ಆ ಮೊತ್ತವನ್ನು ಬೇರೆಯಾಗಿ ತೆಗೆದಿಡಿ. ಕಂಪನಿ ಬದಲಿಸುವುದಿದ್ದರೆ ನವೀಕರಣಕ್ಕೆ 45 ದಿನ ಮುಂಚೆಯಾದರೂ ಪೋರ್ಟಬಿಲಿಟಿ ಅರ್ಜಿ ಕೊಡಿ, ಕಾದ ಅವಧಿ ಜೊತೆಗೇ ಬರುತ್ತದೆ. 5 ಲಕ್ಷದ ವಿಮೆಯನ್ನು 10 ಲಕ್ಷಕ್ಕೆ ಏರಿಸಿದರೆ ಹೆಚ್ಚಿಸಿದ 5 ಲಕ್ಷಕ್ಕೆ ಮಾತ್ರ ಹೊಸ ಎಣಿಕೆ.

ಕ್ಲೇಮ್ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಅರ್ಜಿ ತುಂಬುವಾಗ. ಏಜೆಂಟರು ಬೇಗ ಮುಗಿಸಲೆಂದು ಕಾಯಿಲೆಯ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದು ಒತ್ತಿಬಿಡುತ್ತಾರೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಅರ್ಜಿಯ ಪ್ರತಿ ಓದಿ, ತಪ್ಪಿದ್ದರೆ ಬರವಣಿಗೆಯಲ್ಲಿ ತಿಳಿಸಿ. ಇಷ್ಟವಾಗದಿದ್ದರೆ ಆ ಅವಧಿಯಲ್ಲಿ ಪಾಲಿಸಿಯನ್ನೇ ಹಿಂತಿರುಗಿಸಬಹುದು. ಇನ್ನೊಂದು, ಆಸ್ಪತ್ರೆಗೆ ಸೇರಿಸುವಾಗ. ‘ಎಷ್ಟು ವರ್ಷದಿಂದ ಬಿಪಿ?’ ಎಂದು ಕೇಳಿದಾಗ ಗಾಬರಿಯಲ್ಲಿರುವ ಮನೆಯವರು ಅಂದಾಜಿನ ಮೇಲೆ ‘ಹತ್ತು ವರ್ಷ’ ಎನ್ನುತ್ತಾರೆ. ಆ ಮಾತು ಕೇಸ್ ಶೀಟಿಗೂ ಡಿಸ್ಚಾರ್ಜ್ ಸಮ್ಮರಿಗೂ ಹೋಗುತ್ತದೆ, ಕಂಪನಿ ಅದನ್ನೇ ಹಿಡಿಯುತ್ತದೆ. ಮೊದಲ ಸಲ ಕಾಯಿಲೆ ಪತ್ತೆಯಾದ ಚೀಟಿಯನ್ನು ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಿ. ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು, ಅಲ್ಲಿ ಆಗದಿದ್ದರೆ ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಎಲ್ಲರೂ ಒಟ್ಟಿಗೆ ಸೇರುವ ಕಡೆ ಕಾಯುವ ಅವಧಿಯ ಅಗತ್ಯವೇ ಬೀಳುವುದಿಲ್ಲ. ಉದ್ಯೋಗದಾತರು ಮಾಡಿಸುವ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಅದನ್ನು ಬಿಟ್ಟಿರುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ ಹಳೆಯ ಕಾಯಿಲೆಗೆ ಮೊದಲ ದಿನದಿಂದ ಚಿಕಿತ್ಸೆಯುಂಟು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, 30 ಶೇಕಡಾ, ಮಿತಿ 1.5 ಲಕ್ಷ. ಎಪಿಎಲ್ ಕಾರ್ಡಿನ ಬೆಳೆಗಾರರಿಗೆ ಉಳಿದ 70 ಶೇಕಡಾ ಕೈಯಿಂದಲೇ. ಆ ಕೊರತೆಯನ್ನು ತುಂಬಬಲ್ಲದ್ದು ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂದಾಗ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ ಎಂದು ಗೊತ್ತುಮಾಡಿದರು. ಸಹಕಾರ ಸಂಘಗಳು ಇಷ್ಟು ಬೇರು ಬಿಟ್ಟಿರುವ ಕೊಡಗಿನಲ್ಲಿ ನಾವು ಗಟ್ಟಿಯಾಗಿ ಕೇಳಬೇಕಾದದ್ದು ಇಂಥ ಸಾಮೂಹಿಕ ಸೇರ್ಪಡೆಯನ್ನೇ. ಯಶಸ್ವಿನಿಗೂ ನೋಂದಣಿಯ ಕಿಟಕಿ ವರ್ಷದಲ್ಲಿ ನಿಗದಿತ ಕಾಲ ಮಾತ್ರ ತೆರೆದಿರುತ್ತದೆ. ಸಂಘದ ಕಾರ್ಯದರ್ಶಿಯವರ ಬಳಿ ಕೊನೆಯ ತಾರೀಕು ಕೇಳಿಟ್ಟುಕೊಳ್ಳಿ, ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಹುಟ್ಟಿದ ಮಗು ಯಾರ ಹೆಸರೂ ಬಿಟ್ಟುಹೋಗದಂತೆ ಬರೆಸಿ.